ಮಣ್ಣು ಕೆಲಸದ ಯಂತ್ರಗಳ ಕಂಟ್ರೋಲ್ ಮತ್ತು ಗೈಡೆನ್ಸ್ ದೋಷಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರು ಭಾಗದ ರಸ್ತೆ, ನಾಲೆ, ಕಲ್ಲುಕೋರೆ ಮತ್ತು ಕಾಫಿ ಎಸ್ಟೇಟ್ ಕೆಲಸಗಳಲ್ಲಿ ಯಂತ್ರ ಓಡಿಸುವ ಆಪರೇಟರ್‌ಗಳು, ಮಾಲೀಕರು ಮತ್ತು ಆಟೋ ಎಲೆಕ್ಟ್ರಿಷಿಯನ್‌ಗಳು ಫೋನಿನಲ್ಲಿ, ಪತ್ರದಲ್ಲಿ, ಸೈಟಿನ ಮಾತುಕತೆಯಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಉತ್ತರಗಳಲ್ಲಿ ಬರುವ ಅಳತೆಗಳು ಸಾಮಾನ್ಯವಾಗಿ ಹೊಂದುವಂಥವು. ನಿಮ್ಮ ಯಂತ್ರದ ಸರ್ವಿಸ್ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಕೈಪಿಡಿಯನ್ನೇ ನಂಬಬೇಕು.

## ಆರಂಭದ ಪ್ರಶ್ನೆಗಳು

ಕಂಟ್ರೋಲ್ ಸಿಸ್ಟಂ, ಗೈಡೆನ್ಸ್ ಸಿಸ್ಟಂ ಅಂತಾರಲ್ಲ, ಎರಡೂ ಒಂದೇನಾ?

ಒಂದೇ ಅಲ್ಲ. ಕಂಟ್ರೋಲ್ ವ್ಯವಸ್ಥೆ ಕಾರ್ಖಾನೆಯಿಂದಲೇ ಯಂತ್ರದೊಂದಿಗೆ ಬರುತ್ತದೆ. ಎಂಜಿನ್‌ಗೆ ಎಷ್ಟು ಡೀಸೆಲ್ ಹೋಗಬೇಕು, ಪಂಪು ಎಷ್ಟು ಆಯಿಲ್ ಕೊಡಬೇಕು, ಜಾಯ್‌ಸ್ಟಿಕ್ ಎಳೆದಾಗ ಯಾವ ವಾಲ್ವ್ ಎಷ್ಟು ತೆರೆಯಬೇಕು ಎಂಬುದನ್ನು ಅದರ ಕಂಟ್ರೋಲರ್‌ಗಳು ನಿರ್ಧರಿಸುತ್ತವೆ. ಗೈಡೆನ್ಸ್ ವ್ಯವಸ್ಥೆ ಹೆಚ್ಚಾಗಿ ನಂತರ ಕೂರಿಸಿದ್ದು. ಆಂಟೆನಾ, ಕೋನ ಅಳೆಯುವ ಸೆನ್ಸರ್‌ಗಳು ಮತ್ತು ಕ್ಯಾಬಿನ್ನಿನೊಳಗಿನ ಸ್ಕ್ರೀನ್ ಸೇರಿ, ಬಕೆಟ್ಟಿನ ಅಥವಾ ಬ್ಲೇಡಿನ ತುದಿ ನಕ್ಷೆಯ ಮಟ್ಟದಿಂದ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂದು ತೋರಿಸುತ್ತವೆ.

ಕೆಲವು ಗೈಡೆನ್ಸ್ ವ್ಯವಸ್ಥೆಗಳು ತೋರಿಸುವುದಕ್ಕೆ ಮಾತ್ರ ಇವೆ, ಕೆಲವು ತಾವೇ ಬ್ಲೇಡನ್ನು ಎತ್ತಿಳಿಸುತ್ತವೆ. ಎರಡನೆಯ ಬಗೆಯಲ್ಲಿ ದೋಷ ಯಾವ ಕಡೆಯದು ಎಂಬ ಗೊಂದಲ ಸಹಜ. ಹಾಗಾಗಿ ಮೊದಲು ಗೈಡೆನ್ಸ್ ಆಫ್ ಮಾಡಿ, ಕೈಯಿಂದಲೇ ಯಂತ್ರ ನಡೆಸಿ ನೋಡಬೇಕು. ಆಗಲೂ ಬ್ಲೇಡ್ ತಡವಾಗಿ ಏಳುತ್ತಿದ್ದರೆ ಆಂಟೆನಾ ಬಿಚ್ಚಿ ಒರೆಸುವುದರಿಂದ ಪ್ರಯೋಜನವಿಲ್ಲ.

ನಮ್ಮ ಹಳೇ ಮೆಷಿನ್‌ನಲ್ಲಿ ಇಷ್ಟೊಂದು ವೈರ್ ಇರಲೇ ಇಲ್ಲ, ಹೊಸದಕ್ಕೆ ಯಾಕೆ ಬೇಕಾಯ್ತು?

ಮುಖ್ಯ ಕಾರಣ ಹೊಗೆಯ ನಿಯಮ. ರಸ್ತೆಗಿಳಿಯುವ ಚಕ್ರದ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲ್ 1ರಿಂದ ಬಿಎಸ್ ಸಿಇವಿ (ನಿರ್ಮಾಣ ಯಂತ್ರಗಳ ಹೊಗೆಯ ಮಿತಿ) 4ನೇ ಹಂತವೂ, 2025ರ ಜನವರಿ 1ರಿಂದ 5ನೇ ಹಂತವೂ ಜಾರಿಗೆ ಬಂದವು. ಆ ಮಿತಿಯೊಳಗೆ ಹೊಗೆಯನ್ನು ಹಿಡಿದಿಡಲು ಕಾಮನ್ ರೈಲ್ ಇಂಜೆಕ್ಷನ್ (ಹೆಚ್ಚಿನ ಒತ್ತಡದ ಒಂದೇ ಪೈಪಿನಿಂದ ಎಲ್ಲ ಸಿಲಿಂಡರಿಗೂ ಡೀಸೆಲ್ ಕೊಡುವ ಪದ್ಧತಿ) ಬೇಕು, ಅದಕ್ಕೆ ಕಂಟ್ರೋಲರ್ ಬೇಕು, ಕಂಟ್ರೋಲರ್‌ಗೆ ಸೆನ್ಸರ್‌ಗಳು ಬೇಕು. ಡೀಸೆಲ್ ಉಳಿತಾಯ ಎರಡನೆಯ ಕಾರಣ.

ಸ್ಕ್ರೀನ್ ಮೇಲೆ ಕೋಡ್ ಬಂತು. ಮೆಷಿನ್ ನಿಲ್ಲಿಸಬೇಕಾ, ಟ್ರಿಪ್ ಮುಗಿಸಬಹುದಾ?

ದೀಪದ ಬಣ್ಣ ನೋಡಬೇಕು. ಕೆಂಪು ದೀಪ ಮತ್ತು ನಿಲ್ಲದ ಬಜರ್ ಇದ್ದರೆ ಬಕೆಟ್ ನೆಲಕ್ಕಿಳಿಸಿ ಎಂಜಿನ್ ಆರಿಸಬೇಕು. ಆಯಿಲ್ ಪ್ರೆಶರ್, ಅತಿಯಾದ ಬಿಸಿ, ಬ್ರೇಕ್, ಸ್ಟೀರಿಂಗ್ ಸಂಬಂಧದ ಕೋಡುಗಳು ಈ ಗುಂಪಿಗೆ ಸೇರುತ್ತವೆ. ಹಳದಿ ದೀಪವಿದ್ದರೆ ಕೆಲಸ ಮುಂದುವರಿಸಬಹುದು, ಆದರೆ ಆ ದಿನವೇ ಕಾರಣ ನೋಡಬೇಕು. ಘಾಟಿಯ ಇಳಿಜಾರಿನಲ್ಲಿ ಕೆಲಸ ಮಾಡುವವರು ಹಳದಿಯನ್ನೂ ಹಗುರವಾಗಿ ತೆಗೆದುಕೊಳ್ಳಬಾರದು: ಕಂಟ್ರೋಲರ್ ತಾನಾಗಿಯೇ ಎಂಜಿನ್ ಶಕ್ತಿ ಇಳಿಸಿಬಿಟ್ಟರೆ ಏರಿನ ನಡುವೆ ಯಂತ್ರ ಸಿಕ್ಕಿಕೊಳ್ಳುತ್ತದೆ.

ಕೋಡ್ ಯಾವ ಸೆನ್ಸರ್ ಹೆಸರು ಹೇಳುತ್ತೋ ಅದನ್ನು ಬದಲಾಯಿಸಿದರೆ ಆಯ್ತಲ್ವಾ?

ಹಾಸನದ ಬಿಡಿಭಾಗದ ಅಂಗಡಿಗಳಿಗೆ ಅತಿ ಹೆಚ್ಚು ವ್ಯಾಪಾರ ತಂದುಕೊಡುವ ತಪ್ಪು ತಿಳಿವಳಿಕೆ ಇದು. ಕಂಟ್ರೋಲರ್‌ಗೆ ಸೆನ್ಸರ್ ಕಾಣುವುದಿಲ್ಲ. ತನ್ನ ಪಿನ್ನಿಗೆ ಬಂದ ವೋಲ್ಟೇಜ್ ಮಾತ್ರ ಕಾಣುತ್ತದೆ. ಆ ವೋಲ್ಟೇಜ್ ಸರಿಯಿಲ್ಲ ಎಂದಷ್ಟೇ ಅದು ಹೇಳುತ್ತದೆ. ದೋಷ ಸೆನ್ಸರಿನಲ್ಲಿರಬಹುದು, ತಂತಿಯಲ್ಲಿರಬಹುದು, ಕನೆಕ್ಟರಿನಲ್ಲಿರಬಹುದು, ಅಥವಾ ಅಳೆದ ಸಂಗತಿಯೇ ನಿಜವಾಗಿರಬಹುದು.

ಭಾರೀ ಯಂತ್ರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜೆ1939 ಪದ್ಧತಿಯಲ್ಲಿ ಕೋಡಿಗೆ ಎರಡು ಭಾಗಗಳಿರುತ್ತವೆ. ಎಸ್‌ಪಿಎನ್ ಎಂಬ ಸಂಖ್ಯೆ ಯಾವ ಅಳತೆ ಎಂದು ತಿಳಿಸುತ್ತದೆ: 100 ಎಂದರೆ ಎಂಜಿನ್ ಆಯಿಲ್ ಪ್ರೆಶರ್, 110 ಎಂದರೆ ಕೂಲೆಂಟ್ ಬಿಸಿ, 168 ಎಂದರೆ ಬ್ಯಾಟರಿ ವೋಲ್ಟೇಜ್. ಎಫ್‌ಎಂಐ ಎಂಬ ಸಂಖ್ಯೆ ಏನು ಕೆಟ್ಟಂತೆ ಕಾಣುತ್ತಿದೆ ಎಂದು ತಿಳಿಸುತ್ತದೆ: 3 ಎಂದರೆ ವೋಲ್ಟೇಜ್ ಮಿತಿಗಿಂತ ಹೆಚ್ಚು, 4 ಎಂದರೆ ಕಡಿಮೆ, 5 ಎಂದರೆ ಕರೆಂಟ್ ಹರಿಯುತ್ತಿಲ್ಲ, 2 ಎಂದರೆ ಅಳತೆ ಅಸ್ಥಿರ. 0 ಮತ್ತು 1 ಬಂದರೆ ಸೆನ್ಸರ್ ಸರಿಯಾಗಿಯೇ ಅಳೆಯುತ್ತಿದೆ, ಒತ್ತಡವೋ ಬಿಸಿಯೋ ನಿಜವಾಗಿಯೂ ಮಿತಿ ಮೀರಿದೆ ಎಂದರ್ಥ. 100ರ ಜೊತೆಗೆ 1 ಬಂದಾಗ ಸೆನ್ಸರ್ ತರಲು ಪೇಟೆಗೆ ಹೊರಡುವವರು ಮೊದಲು ಡಿಪ್‌ಸ್ಟಿಕ್ ಎಳೆದು ನೋಡಬೇಕು.

ಇನ್ನೊಂದು ಸೂಕ್ಷ್ಮವಿದೆ. ತಂತಿ ತುಂಡಾದರೆ ವೋಲ್ಟೇಜ್ ಸೊನ್ನೆಯಾಗಬೇಕು ಎಂದು ಎಲ್ಲರೂ ಊಹಿಸುತ್ತಾರೆ. ಆದರೆ ಕೂಲೆಂಟ್ ಬಿಸಿಯ ಸೆನ್ಸರಿನಂಥವುಗಳಿಗೆ ಕಂಟ್ರೋಲರ್ ಒಳಗಿನಿಂದಲೇ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕೊಟ್ಟಿರುತ್ತದೆ. ಅಲ್ಲಿ ತಂತಿ ತುಂಡಾದರೆ ಪಿನ್ನಿನಲ್ಲಿ 5 ವೋಲ್ಟ್ ಹಾಗೆಯೇ ನಿಲ್ಲುತ್ತದೆ, ಕೋಡು 3 ಎಂದು ಬರುತ್ತದೆ. ಪರೀಕ್ಷೆ ಸುಲಭ: ಸೆನ್ಸರ್ ಕನೆಕ್ಟರ್ ಕಳಚಿ, ಎರಡು ಪಿನ್‌ಗಳನ್ನು ಸಣ್ಣ ತಂತಿಯಿಂದ ಸೇರಿಸಿದಾಗ ಕೋಡು 3ರಿಂದ 4ಕ್ಕೆ ತಿರುಗಿದರೆ ಕಂಟ್ರೋಲರೂ ತಂತಿಯೂ ಸರಿಯಾಗಿವೆ, ಸೆನ್ಸರನ್ನು ಧೈರ್ಯವಾಗಿ ಬದಲಿಸಬಹುದು. ಮೂರು ತಂತಿಯ ಪ್ರೆಶರ್ ಸೆನ್ಸರ್‌ಗೆ ಈ ಉಪಾಯ ಬಳಸಬಾರದು, 5 ವೋಲ್ಟ್ ಲೈನೇ ಶಾರ್ಟ್ ಆಗುತ್ತದೆ. ಅದರಲ್ಲಿ ಸಿಗ್ನಲ್ ತಂತಿಯ ವೋಲ್ಟೇಜ್ ಸುಮಾರು 0.5ರಿಂದ 4.5ರೊಳಗೆ ಏರಿಳಿಯುತ್ತಿದೆಯೇ ಎಂದು ಅಳೆದರೆ ಸಾಕು.

ಬಾನೆಟ್ ತೆಗೆಯೋ ಮುಂಚೆ ಏನೇನು ನೋಡಿಕೊಳ್ಳಬೇಕು?

ಯಂತ್ರವನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬೂಮ್ ಮತ್ತು ಬಕೆಟ್ ನೆಲಕ್ಕೆ ಊರಿ, ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿಕೊಂಡು, ಸೀಟಿನಲ್ಲಿ ‘ರಿಪೇರಿಯಲ್ಲಿದೆ’ ಎಂಬ ಚೀಟಿ ನೇತುಹಾಕಬೇಕು. ಎಂಜಿನ್ ಆರಿದ ಮೇಲೂ ಅಕ್ಯುಮುಲೇಟರಿನಲ್ಲಿ, ಅಂದರೆ ಆಯಿಲನ್ನು ಒತ್ತಡದಲ್ಲಿ ಹಿಡಿದಿಡುವ ಡಬ್ಬಿಯಲ್ಲಿ, ಒತ್ತಡ ಉಳಿದಿರುತ್ತದೆ. ಅದನ್ನು ಇಳಿಸುವ ಕ್ರಮ ಕೈಪಿಡಿಯಲ್ಲಿರುತ್ತದೆ, ಬಹುತೇಕ ಯಂತ್ರಗಳಲ್ಲಿ ಕೀ ಆನ್ ಇಟ್ಟು ಲಾಕ್ ಲಿವರ್ ತೆರೆದು ಜಾಯ್‌ಸ್ಟಿಕ್‌ಗಳನ್ನು ಎಲ್ಲ ದಿಕ್ಕಿಗೂ ಆಡಿಸಬೇಕಾಗುತ್ತದೆ. ಇಪ್ಪತ್ತು ಟನ್ನಿನ ಎಕ್ಸ್‌ಕವೇಟರಿನ ಮುಖ್ಯ ಒತ್ತಡ ಸುಮಾರು 350 ಬಾರ್. ಆ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ. ಲೀಕ್ ಹುಡುಕಲು ಬೆರಳು ಸವರಬಾರದು, ರಟ್ಟಿನ ತುಂಡು ಹಿಡಿಯಬೇಕು. ಆಯಿಲ್ ಒಳಹೋದ ಅನುಮಾನ ಬಂದರೆ ನೋವಿಲ್ಲದಿದ್ದರೂ ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು.

ಯಾವ ಯಾವ ಟೂಲ್ ಇಟ್ಟುಕೊಂಡರೆ ಸಾಕು?

ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್, 24 ವೋಲ್ಟಿನ 21 ವ್ಯಾಟ್ ಬಲ್ಬಿಗೆ ಎರಡು ತಂತಿ ಬೆಸೆದ ಟೆಸ್ಟ್ ಲ್ಯಾಂಪ್, ಕನೆಕ್ಟರಿನ ಹಿಂಬದಿಯಿಂದ ತೂರಿಸುವ ತೆಳು ಪಿನ್‌ಗಳು, ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಆ ಯಂತ್ರದ್ದೇ ವೈರಿಂಗ್ ಡಯಾಗ್ರಂ. ಕೊನೆಯದು ಇಲ್ಲದಿದ್ದರೆ ಉಳಿದವುಗಳಿಂದ ಅರ್ಧ ಕೆಲಸವೂ ಆಗುವುದಿಲ್ಲ. ಟೆಸ್ಟ್ ಲ್ಯಾಂಪನ್ನು ಪವರ್ ಮತ್ತು ಅರ್ಥ್ ತಂತಿಗಳಿಗೆ ಮಾತ್ರ ಬಳಸಬೇಕು, ಕಂಟ್ರೋಲರಿನ ಸಿಗ್ನಲ್ ಪಿನ್‌ಗಳಿಗೆ ಮುಟ್ಟಿಸಬಾರದು.

## ಬ್ಯಾಟರಿ, ತಂತಿ, ಕನೆಕ್ಟರ್

ಸೆಲ್ಫ್ ಹೊಡೆದರೆ ಎಂಜಿನ್ ಸ್ಟಾರ್ಟ್ ಆಗುತ್ತೆ, ಆದರೂ ಲೋ ವೋಲ್ಟೇಜ್ ಅಂತ ಯಾಕೆ ತೋರಿಸುತ್ತೆ?

ಸ್ಟಾರ್ಟರ್ ಮೋಟರ್ 18 ವೋಲ್ಟಿನಲ್ಲೂ ತಿರುಗುತ್ತದೆ. ಕಂಟ್ರೋಲರ್ ಅಷ್ಟು ಸಹಿಸುವುದಿಲ್ಲ. 24 ವೋಲ್ಟಿನ ಯಂತ್ರದಲ್ಲಿ ರಾತ್ರಿಯಿಡೀ ನಿಂತ ಬ್ಯಾಟರಿಗಳು ಎರಡೂ ಸೇರಿ 25 ವೋಲ್ಟಿನ ಆಸುಪಾಸು, ಎಂಜಿನ್ ಓಡುವಾಗ 27.5ರಿಂದ 28.5 ತೋರಿಸಬೇಕು. ಬ್ಯಾಟರಿಯ ಮೇಲೆ ಸರಿಯಾದ ಅಂಕಿ ಬಂದರೆ ಅಲ್ಲಿಗೇ ನಿಲ್ಲಿಸಬಾರದು, ಕಂಟ್ರೋಲರಿನ ಪಿನ್ನಿನಲ್ಲೂ ಅಳೆಯಬೇಕು.

ಇಲ್ಲಿ ಓಮ್ ಅಳತೆ ಮೋಸ ಮಾಡುತ್ತದೆ. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾಗಿ ಒಂದೇ ಎಳೆ ಉಳಿದ ತಂತಿಯೂ ಮೀಟರಿನಲ್ಲಿ ಸೊನ್ನೆ ಓಮ್ ತೋರಿಸುತ್ತದೆ, ಕರೆಂಟ್ ಹರಿದಾಗ ಮಾತ್ರ ಸೋಲುತ್ತದೆ. ಎಂಜಿನ್ ಓಡಿಸಿ, ಲೈಟು, ಎಸಿ ಎಲ್ಲ ಹಾಕಿ, ಮೀಟರಿನ ಒಂದು ಮುಳ್ಳನ್ನು ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದನ್ನು ಕಂಟ್ರೋಲರಿನ ಅರ್ಥ್ ಪಿನ್ನಿನ ಮೇಲೆ ಇಟ್ಟು ವೋಲ್ಟ್ ಅಳೆಯಬೇಕು. 0.2ಕ್ಕಿಂತ ಹೆಚ್ಚಿದ್ದರೆ ನಡುವಿನ ಅರ್ಥ್ ಬೋಲ್ಟುಗಳಲ್ಲಿ ಒಂದರ ಕೆಳಗೆ ಬಣ್ಣ, ತುಕ್ಕು ಅಥವಾ ಮಣ್ಣು ಸೇರಿದೆ. ಚಾಸಿಗೆ ಬಣ್ಣ ಹೊಡೆಸಿ ‘ಹೊಸದರಂತೆ’ ಮಾಡಿ ಮಾರಿದ ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಇದು ಮಾಮೂಲು.

ಸಕಲೇಶಪುರದ ಕಡೆ ಮಳೆಗಾಲದಲ್ಲಿ ಬೆಳಗ್ಗೆ ಕೋಡ್ ಬರುತ್ತೆ, ಹನ್ನೊಂದು ಗಂಟೆಗೆ ತಾನೇ ಹೋಗುತ್ತೆ. ಏನು ಕಥೆ?

ಕನೆಕ್ಟರಿನೊಳಗೆ ನೀರು ಸೇರಿದೆ. ಎಂಜಿನ್ ಬಿಸಿಗೆ ಅದು ಆರಿದಾಗ ಕೋಡು ಹೋಗುತ್ತದೆ, ರಾತ್ರಿ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ತಾನೇ ಹೋಯಿತೆಂದು ಬಿಟ್ಟರೆ ಒಂದೇ ಮಳೆಗಾಲದಲ್ಲಿ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ.

ದೋಷ ಇರುವ ಹೊತ್ತಿನಲ್ಲೇ, ಅಂದರೆ ಬೆಳಗ್ಗೆಯೇ, ಆ ಸರ್ಕ್ಯೂಟಿನ ಕನೆಕ್ಟರ್‌ಗಳನ್ನು ಒಂದೊಂದಾಗಿ ಕಳಚಿ ನೋಡಬೇಕು. ರಬ್ಬರ್ ಸೀಲು ಹರಿದಿದೆಯೇ, ಬಳಸದ ತೂತುಗಳಿಗೆ ಮುಚ್ಚಳ ಇದೆಯೇ, ತಂತಿ ಮೇಲಿಂದ ನೇರವಾಗಿ ಇಳಿದು ನೀರನ್ನು ಕನೆಕ್ಟರಿಗೇ ಸುರಿಯುತ್ತಿದೆಯೇ ಎಂದು ಗಮನಿಸಬೇಕು. ತಂತಿಯನ್ನು ಕನೆಕ್ಟರಿಗಿಂತ ಸ್ವಲ್ಪ ಕೆಳಕ್ಕೆ ಬಾಗಿಸಿ ಮೇಲೆತ್ತಿ ಕಟ್ಟಿದರೆ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಗ್ರೀಸ್ ತುಂಬಿ ಮುಚ್ಚುವ ಅಭ್ಯಾಸ ಒಳ್ಳೆಯದಲ್ಲ. ಸೀಲಿನ ಮೇಲೆ ಡೈಎಲೆಕ್ಟ್ರಿಕ್ ಗ್ರೀಸಿನ ತೆಳು ಲೇಪ ಸಾಕು, ಚಾಸಿ ಗ್ರೀಸ್ ಎಂದಿಗೂ ಬೇಡ. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಶರ್ ಗನ್ನನ್ನು ಕಂಟ್ರೋಲರ್ ಮತ್ತು ಫ್ಯೂಸ್ ಬಾಕ್ಸ್ ಕಡೆಗೆ ಹಿಡಿಯದಂತೆ ಪಕ್ಕದಲ್ಲಿ ನಿಂತು ಹೇಳಬೇಕು.

ಇಲಿ ವೈರ್ ಕಡಿದಿದೆ. ತಿರುಚಿ ಟೇಪ್ ಸುತ್ತಿದರೆ ನಡೆಯಲ್ವಾ?

ಹಾರ್ನಿಗೆ, ವರ್ಕ್ ಲೈಟಿಗೆ ನಡೆದೀತು. ಸೆನ್ಸರ್ ತಂತಿಗಳಿಗೆ ಮತ್ತು ಕ್ಯಾನ್ (ಕಂಟ್ರೋಲರ್‌ಗಳು ಪರಸ್ಪರ ಮಾತಾಡುವ) ತಂತಿಗಳಿಗೆ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ವೋಲ್ಟಿನ ಹತ್ತನೇ ಒಂದು ಭಾಗದ ವ್ಯತ್ಯಾಸಕ್ಕೂ ಅರ್ಥವಿದೆ. ಅದೇ ದಪ್ಪದ ತಂತಿ, ಕ್ರಿಂಪ್ ಸ್ಲೀವ್ ಮತ್ತು ಒಳಗೆ ಅಂಟಿರುವ ಹೀಟ್ ಶ್ರಿಂಕ್ ಬಳಸಿ ಜೋಡಿಸಬೇಕು. ಹಲವು ತಂತಿಗಳು ಕಡಿದಿದ್ದರೆ ಜೋಡಣೆಗಳನ್ನು ಒಂದೇ ಜಾಗದಲ್ಲಿ ಸೇರಿಸದೆ ಹಿಂದೆ ಮುಂದೆ ಮಾಡಬೇಕು.

ಬಕೆಟ್‌ಗೆ ವೆಲ್ಡಿಂಗ್ ಮಾಡಿಸಿದ ಮೇಲೆ ಡಿಸ್‌ಪ್ಲೇ ಸತ್ತೇಹೋಯ್ತು. ವೆಲ್ಡಿಂಗ್‌ಗೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧವಿದೆ. ವೆಲ್ಡಿಂಗ್ ಕರೆಂಟ್ ನೂರಾರು ಆಂಪಿಯರ್ ಇರುತ್ತದೆ, ಅದು ಅರ್ಥ್ ಕ್ಲ್ಯಾಂಪಿಗೆ ಮರಳಲು ಸಿಕ್ಕ ದಾರಿಗಳಲ್ಲೆಲ್ಲ ಹರಿಯುತ್ತದೆ. ಬಕೆಟ್ಟಿನಲ್ಲಿ ಬೆಸುಗೆ ಹಾಕುತ್ತಾ ಕ್ಲ್ಯಾಂಪನ್ನು ಟ್ರ್ಯಾಕಿಗೆ ಕಚ್ಚಿಸಿದರೆ ಆ ಕರೆಂಟ್ ಪಿನ್ನು, ಬುಷ್, ಸಿಲಿಂಡರ್ ರಾಡು, ಸ್ವಿಂಗ್ ಬೇರಿಂಗ್ ಎಲ್ಲವನ್ನೂ ಹಾದು ಬರುತ್ತದೆ, ಒಂದು ಪಾಲು ವೈರಿಂಗಿನ ಅರ್ಥ್ ತಂತಿಗಳಲ್ಲೂ ಹರಿಯುತ್ತದೆ. ಬೇರಿಂಗಿನ ಗುಂಡುಗಳ ಮೇಲೆ ಸುಟ್ಟ ಚುಕ್ಕೆಗಳು ಬೀಳುವುದು ತಿಂಗಳುಗಳ ನಂತರ ಗೊತ್ತಾಗುತ್ತದೆ. ಡಿಸ್‌ಪ್ಲೇ ಮಾತ್ರ ಆಗಲೇ ಹೋಗುತ್ತದೆ.

ಸರಿಯಾದ ಕ್ರಮ ಹೀಗಿದೆ: ಎಂಜಿನ್ ಆರಿಸಿ, ಬ್ಯಾಟರಿಯ ನೆಗೆಟಿವ್ ಮತ್ತು ಪಾಸಿಟಿವ್ ಎರಡನ್ನೂ ಬಿಚ್ಚಿ, ಕೈಪಿಡಿ ಹೇಳಿದ ಕಂಟ್ರೋಲರ್ ಕನೆಕ್ಟರ್‌ಗಳನ್ನು ಕಳಚಿ, ಬೆಸುಗೆ ಹಾಕುವ ಭಾಗದ ಮೇಲೆಯೇ, ಬಣ್ಣ ಕೆರೆದ ಲೋಹಕ್ಕೆ ಕ್ಲ್ಯಾಂಪ್ ಕಚ್ಚಿಸಬೇಕು. ಬಕೆಟ್ಟನ್ನು ಕಳಚಿ ಕೆಳಗಿಟ್ಟು ವೆಲ್ಡ್ ಮಾಡಿಸುವುದು ಇನ್ನೂ ಉತ್ತಮ. ಗೈಡೆನ್ಸ್ ಸೆನ್ಸರ್ ಬಕೆಟ್ ಲಿಂಕಿನ ಮೇಲಿದ್ದರೆ ಅದನ್ನೂ ಬಿಚ್ಚಿಡಬೇಕು.

ಮೀಟರೆಲ್ಲ ಒಟ್ಟಿಗೇ ಸೊನ್ನೆಗೆ ಬಂತು, ಹತ್ತಾರು ಕೋಡ್ ಒಂದೇ ಸಲ ಬಂತು. ಎಲ್ಲಾ ಒಟ್ಟಿಗೆ ಹಾಳಾಯ್ತಾ?

ಹಾಗಾಗುವುದು ತೀರಾ ಅಪರೂಪ. ಕಂಟ್ರೋಲರ್‌ಗಳು ಪರಸ್ಪರ ಮಾತಾಡುವ ಕ್ಯಾನ್ ತಂತಿಗಳಲ್ಲಿ ದೋಷವಿದೆ, ಅಥವಾ ಅವುಗಳಿಗೆ ಹೋಗುವ ಒಂದೇ ಫ್ಯೂಸ್ ಸುಟ್ಟಿದೆ. ಫ್ಯೂಸ್ ಸರಿಯಿದ್ದರೆ ಮುಂದಿನ ಪರೀಕ್ಷೆ ಕ್ಯಾನ್ ತಂತಿಗಳದ್ದು.

ಕ್ಯಾನ್ ಜಾಲದಲ್ಲಿ ಒಂದಕ್ಕೊಂದು ಹೆಣೆದ ಎರಡು ತಂತಿಗಳಿವೆ, ಹೈ ಮತ್ತು ಲೋ; ಜೆ1939ರಲ್ಲಿ ಸಾಮಾನ್ಯವಾಗಿ ಹಳದಿ ಮತ್ತು ಹಸಿರು. ಎರಡು ತುದಿಗಳಲ್ಲೂ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಒಂಬತ್ತು ಪಿನ್ನಿನ ಡಯಾಗ್ನೋಸ್ಟಿಕ್ ಸಾಕೆಟ್ಟಿನಲ್ಲಿ ಸಿ ಮತ್ತು ಡಿ ಪಿನ್‌ಗಳ ನಡುವೆ ಓಮ್ ಅಳೆದರೆ ಸುಮಾರು 60 ಬರಬೇಕು. 120 ಬಂದರೆ ಒಂದು ತುದಿಯ ರೆಸಿಸ್ಟರ್ ಸಂಪರ್ಕದಲ್ಲಿಲ್ಲ ಅಥವಾ ನಡುವೆ ತಂತಿ ಕಡಿದಿದೆ. 40 ಬಂದರೆ ಯಾರೋ ಮೂರನೆಯ ರೆಸಿಸ್ಟರ್ ಸೇರಿಸಿದ್ದಾರೆ. ಗೈಡೆನ್ಸ್ ಕಿಟ್ ಹೊಸದಾಗಿ ಕೂರಿಸಿದ ಯಂತ್ರಗಳಲ್ಲಿ ಇದು ಕಾಣಸಿಗುತ್ತದೆ. ಸೊನ್ನೆಯ ಹತ್ತಿರ ಬಂದರೆ ಎರಡೂ ತಂತಿಗಳು ಒಂದಕ್ಕೊಂದು ತಾಗಿವೆ.

60 ಬಂದರೂ ದೋಷ ಉಳಿದಿದ್ದರೆ ಕೀ ಆನ್ ಮಾಡಿ ಪ್ರತಿ ತಂತಿಯನ್ನೂ ಚಾಸಿಗೆ ಅಳೆಯಬೇಕು. ಹೈ ತಂತಿ 2.5ಕ್ಕಿಂತ ತುಸು ಮೇಲೆ, ಲೋ ತಂತಿ ತುಸು ಕೆಳಗೆ ಇದ್ದು, ಎರಡರ ಮೊತ್ತ 5 ವೋಲ್ಟಿನ ಆಸುಪಾಸು ಬರಬೇಕು. ಹಾಗಿಲ್ಲದಿದ್ದರೆ ಕಂಟ್ರೋಲರ್‌ಗಳ ಪ್ಲಗ್ಗನ್ನು ಕೀ ಆಫ್ ಮಾಡಿ ಒಂದೊಂದಾಗಿ ಕಳಚುತ್ತಾ, ಮತ್ತೆ ಆನ್ ಮಾಡಿ ಅಳೆಯುತ್ತಾ ಹೋಗಬೇಕು. ಯಾವುದನ್ನು ಕಳಚಿದಾಗ ವೋಲ್ಟೇಜ್ ಸರಿಹೋಗುತ್ತದೋ ಆ ಘಟಕ ಅಥವಾ ಅದರ ಕವಲು ತಂತಿಯೇ ಜಾಲವನ್ನು ಕೆಡಿಸುತ್ತಿದೆ.

ಫೈನಾನ್ಸ್‌ನವರು ಟ್ರ್ಯಾಕರ್ ಕೂರಿಸಿಹೋದ ಮೇಲೆ ಆಗಾಗ ಆಫ್ ಆಗುತ್ತೆ. ಅದರಿಂದ ಇರಬಹುದಾ?

ಇರಬಹುದು. ಹೊರಗಿನಿಂದ ಕೂರಿಸುವ ಟ್ರ್ಯಾಕರ್‌ಗಳಿಗೆ ಇಗ್ನಿಷನ್ ತಂತಿಯನ್ನು ಚುಚ್ಚಿ ಕರೆಂಟ್ ತೆಗೆದಿರುತ್ತಾರೆ, ಆ ಜೋಡಣೆ ಅದುರಿಗೆ ಸಡಿಲವಾಗುತ್ತದೆ. ಟ್ರ್ಯಾಕರ್ ಬಿಚ್ಚಿ ಬಿಸಾಡಿದರೆ ಸಾಲದ ಕರಾರಿನ ತಕರಾರು ಬರುತ್ತದೆ. ಅದನ್ನು ಕೂರಿಸಿದವರನ್ನೇ ಕರೆಸಿ ಪ್ರತ್ಯೇಕ ಫ್ಯೂಸಿನ ಮೂಲಕ ಲೈನ್ ಕೊಡಿಸಬೇಕು.

## ಹೈಡ್ರಾಲಿಕ್ ಮತ್ತು ಎಲೆಕ್ಟ್ರಿಕಲ್ ನಡುವಿನ ತಕರಾರು

ಸ್ವಿಂಗ್ ಎಡಕ್ಕೆ ಚೆನ್ನಾಗಿದೆ, ಬಲಕ್ಕೆ ನಿಧಾನ. ಎಲೆಕ್ಟ್ರಿಷಿಯನ್ ಹೈಡ್ರಾಲಿಕ್ ಅಂತಾನೆ, ಹೈಡ್ರಾಲಿಕ್ ಮೇಸ್ತ್ರಿ ವೈರಿಂಗ್ ಅಂತಾನೆ. ಯಾರನ್ನು ನಂಬೋದು?

ಇಬ್ಬರನ್ನೂ ಬಿಟ್ಟು ಅಳತೆಯನ್ನು ನಂಬಬೇಕು. ಒಂದು ದಿಕ್ಕು ಸರಿಯಾಗಿರುವುದರಿಂದ ಮುಖ್ಯ ಪಂಪು ಮತ್ತು ಎಂಜಿನ್ ಅನುಮಾನದಿಂದ ಹೊರಗುಳಿಯುತ್ತವೆ. ಬಲದಿಕ್ಕಿನ ಸಿಗ್ನಲ್ ಸಾಗುವ ದಾರಿ ಮಾತ್ರ ಉಳಿಯಿತು: ಜಾಯ್‌ಸ್ಟಿಕ್, ಕಂಟ್ರೋಲರ್, ಪ್ರೊಪೋರ್ಷನಲ್ ಸೊಲೆನಾಯ್ಡ್ (ಕರೆಂಟಿಗೆ ತಕ್ಕಷ್ಟು ತೆರೆಯುವ ವಿದ್ಯುತ್ ವಾಲ್ವ್), ಪೈಲಟ್ ಒತ್ತಡ (ಮುಖ್ಯ ವಾಲ್ವನ್ನು ತಳ್ಳುವ ಸಣ್ಣ ಒತ್ತಡ), ಮುಖ್ಯ ವಾಲ್ವಿನ ಸ್ಪೂಲ್ (ಒಳಗೆ ಜಾರಿ ಆಯಿಲಿನ ದಾರಿ ತೆರೆಯುವ ಕಡ್ಡಿ). ಈ ಸರಪಳಿಯನ್ನು ನಡುವೆ ಕಡಿಯಬೇಕು, ಅಂದರೆ ಸೊಲೆನಾಯ್ಡಿನ ಬಳಿ.

ಹೈಡ್ರಾಲಿಕ್ ಆಯಿಲ್ ಸುಮಾರು 50 ಡಿಗ್ರಿಗೆ ಬಂದ ಮೇಲೆ, ಸೊಲೆನಾಯ್ಡಿನ ತಂತಿಯಲ್ಲಿ ಮೀಟರನ್ನು ಸರಣಿಯಾಗಿ ಸೇರಿಸಿ, ಲಿವರ್ ಪೂರ್ತಿ ಎಳೆದಾಗ ಎಷ್ಟು ಮಿಲಿಆಂಪಿಯರ್ ಹರಿಯುತ್ತದೆ ನೋಡಬೇಕು. ವೋಲ್ಟ್ ಅಳೆದು ಪ್ರಯೋಜನವಿಲ್ಲ. ಕಂಟ್ರೋಲರ್ ಇಲ್ಲಿ ಕರೆಂಟನ್ನು ಸೆಕೆಂಡಿಗೆ ನೂರಾರು ಬಾರಿ ಹಚ್ಚಿ ಆರಿಸಿ ನಿಯಂತ್ರಿಸುವುದರಿಂದ ವೋಲ್ಟ್‌ಮೀಟರ್ ಅಡ್ಡಾದಿಡ್ಡಿ ಅಂಕಿ ತೋರಿಸುತ್ತದೆ. ಎಡದ ಸೊಲೆನಾಯ್ಡಿನಷ್ಟೇ ಕರೆಂಟ್ ಬಲದ್ದಕ್ಕೂ ಹೋಗುತ್ತಿದ್ದರೆ ವೈರಿಂಗ್ ಬಹುಮಟ್ಟಿಗೆ ನಿರ್ದೋಷಿ. ಆಮೇಲೆ ಪೈಲಟ್ ಲೈನಿಗೆ ಗೇಜ್ ಹಾಕಬೇಕು. ಅನೇಕ ಯಂತ್ರಗಳಲ್ಲಿ ಪೈಲಟ್ ಮೂಲ ಒತ್ತಡ 40 ಬಾರಿನ ಆಸುಪಾಸು ಇರುತ್ತದೆ. ಕರೆಂಟ್ ಸರಿಯಿದ್ದು ಒತ್ತಡ ಕಡಿಮೆಯಿದ್ದರೆ ಸೊಲೆನಾಯ್ಡ್ ವಾಲ್ವಿನಲ್ಲಿ ಕಸ. ಎರಡೂ ಸರಿಯಿದ್ದರೆ ಸ್ಪೂಲ್ ಅಥವಾ ಸ್ವಿಂಗ್ ಮೋಟರಿನ ಬಲಬದಿಯ ರಿಲೀಫ್ ವಾಲ್ವ್.

ಎರಡು ಸೊಲೆನಾಯ್ಡ್‌ಗಳ ಪ್ಲಗ್ ಅದಲುಬದಲು ಮಾಡಿ ನೋಡುವ ಉಪಾಯವೂ ಇದೆ. ಆದರೆ ಆಗ ಎಡಕ್ಕೆ ಎಳೆದರೆ ಯಂತ್ರ ಬಲಕ್ಕೆ ತಿರುಗುತ್ತದೆ. ಸುತ್ತ ಯಾರೂ ಇಲ್ಲದಂತೆ ಮಾಡಿ, ಎಂಜಿನ್ ನಿಧಾನ ವೇಗದಲ್ಲಿಟ್ಟು ಮಾತ್ರ ಇದನ್ನು ಮಾಡಬೇಕು.

ಸೀಟ್ ಹಿಂದೆ ಎಮರ್ಜೆನ್ಸಿ ಸ್ವಿಚ್ ಇದೆ, ಅದನ್ನು ಹಾಕಿದರೆ ಮೆಷಿನ್ ಓಡುತ್ತೆ. ಹಾಗೇ ಓಡಿಸಬಹುದಾ?

ಸೈಟಿನಿಂದ ಈಚೆ ತರಲು ಓಡಿಸಬಹುದು, ದಿನಗಟ್ಟಲೆ ಕೆಲಸ ಮಾಡಲು ಆಗದು. ಅನೇಕ ಎಕ್ಸ್‌ಕವೇಟರ್‌ಗಳಲ್ಲಿ ಈ ಸ್ವಿಚ್ ಪಂಪ್ ಕಂಟ್ರೋಲರನ್ನು ಬದಿಗಿಟ್ಟು ಸ್ಥಿರ ಕರೆಂಟ್ ಕೊಡುತ್ತದೆ, ಭಾರಕ್ಕೆ ತಕ್ಕಂತೆ ಪಂಪು ಹೊಂದಿಕೊಳ್ಳುವುದಿಲ್ಲ. ಸ್ವಿಚ್ ಹಾಕಿದಾಗ ಯಂತ್ರ ಸರಿಹೋಯಿತು ಎಂಬುದೇ ಒಂದು ಒಳ್ಳೆಯ ಸುಳಿವು: ಪಂಪು ಚೆನ್ನಾಗಿದೆ, ದೋಷ ಎಲೆಕ್ಟ್ರಿಕಲ್ ಕಡೆ ಇದೆ.

## ಗೈಡೆನ್ಸ್: ಲೇಸರ್, ಜಿಪಿಎಸ್, ಕೋನದ ಸೆನ್ಸರ್

ಚಾರ್ಮಾಡಿಯಲ್ಲಿ, ಎಸ್ಟೇಟ್ ಒಳಗೆ ಜಿಪಿಎಸ್ ‘ಫಿಕ್ಸ್’ ನಿಲ್ಲೋದೇ ಇಲ್ಲ. ಆಂಟೆನಾ ಹಾಳಾಗಿದೆಯಾ?

ಫಿಕ್ಸ್ ಎಂದರೆ ಸ್ಥಾನ ಸೆಂಟಿಮೀಟರ್ ಮಟ್ಟಕ್ಕೆ ಖಚಿತವಾಗಿದೆ ಎಂದರ್ಥ. ಅದು ನಿಲ್ಲದಿದ್ದರೆ ಮೊದಲು ತಲೆಯೆತ್ತಿ ಆಕಾಶ ನೋಡಬೇಕು. ಒಂದೆರಡು ಸೆಂಟಿಮೀಟರ್ ನಿಖರತೆ ಕೊಡುವ ಆರ್‌ಟಿಕೆ ಪದ್ಧತಿಗೆ ಬೇಸ್ (ಗೊತ್ತಿರುವ ಜಾಗದಲ್ಲಿ ನಿಂತು ಯಂತ್ರಕ್ಕೆ ತಿದ್ದುಪಡಿ ಕಳಿಸುವ ರಿಸೀವರ್) ಮತ್ತು ಯಂತ್ರ ಎರಡಕ್ಕೂ ಒಂದೇ ಸಮಯದಲ್ಲಿ ಕಾಣುವ ಕನಿಷ್ಠ ಐದು ಉಪಗ್ರಹಗಳು ಬೇಕು; ನೆಮ್ಮದಿಯ ಕೆಲಸಕ್ಕೆ ಹತ್ತಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಘಾಟಿಯಲ್ಲಿ ಗುಡ್ಡ ಕಡಿದ ಗೋಡೆ ಅರ್ಧ ಆಕಾಶವನ್ನು ಮುಚ್ಚುತ್ತದೆ, ಮಿಕ್ಕ ಸಿಗ್ನಲ್‌ಗಳಲ್ಲಿ ಕೆಲವು ಒದ್ದೆ ಬಂಡೆಗೆ ಬಡಿದು ಸುತ್ತಿ ಬರುತ್ತವೆ. ಎಸ್ಟೇಟಿನಲ್ಲಿ ಸಿಲ್ವರ್ ಓಕ್ ಮತ್ತು ನೆರಳಿನ ಮರಗಳ ಎಲೆ, ಅದರಲ್ಲೂ ಮಳೆಯಲ್ಲಿ ನೆಂದ ಎಲೆ, ಸಿಗ್ನಲ್ಲನ್ನು ಹೀರುತ್ತದೆ.

ಯಂತ್ರವನ್ನು ಬಯಲಿಗೆ ತಂದು ಹತ್ತು ನಿಮಿಷ ನಿಲ್ಲಿಸಿದಾಗ ಫಿಕ್ಸ್ ಬಂದು ನಿಂತರೆ ಆಂಟೆನಾಗೂ ಕೇಬಲ್ಲಿಗೂ ದೋಷವಿಲ್ಲ. ಬಯಲಿನಲ್ಲೂ ಉಪಗ್ರಹಗಳ ಸಂಖ್ಯೆ ಕಡಿಮೆಯಿದ್ದರೆ ಎರಡು ಆಂಟೆನಾಗಳ ಕೇಬಲ್ ಅದಲುಬದಲು ಮಾಡಿ, ದೋಷ ಕೇಬಲ್ ಜೊತೆ ಹೋಗುತ್ತದೋ ಆಂಟೆನಾ ಜೊತೆ ಉಳಿಯುತ್ತದೋ ನೋಡಬೇಕು. ನಂತರ ಮೊದಲಿನಂತೆ ಜೋಡಿಸಲು ಮರೆಯಬಾರದು. ಆಕಾಶವೇ ಕಾಣದ ಜಾಗಕ್ಕೆ ಟೋಟಲ್ ಸ್ಟೇಷನ್ (ಕೋನ ಮತ್ತು ದೂರ ಅಳೆಯುವ ಸರ್ವೇ ಉಪಕರಣ) ಆಧಾರಿತ ಗೈಡೆನ್ಸ್ ಅಥವಾ ಹಳೆಯ ಲೆವೆಲ್ ಮತ್ತು ಗೂಟಗಳೇ ಸರಿಯಾದ ಉಪಕರಣ. ಕಂಪನಿಯವರ ಕರಪತ್ರ ಏನೇ ಹೇಳಲಿ, ಮರದಡಿಯ ಅಳತೆಯ ಮೇಲೆ ಬಿಲ್ ಬರೆಯಬಾರದು.

ಉಪಗ್ರಹ ಇಪ್ಪತ್ತು ತೋರಿಸುತ್ತೆ, ಆದರೂ ‘ಫ್ಲೋಟ್’ ಅಂತ ಬರುತ್ತೆ. ಯಾಕೆ?

ಬೇಸ್‌ನಿಂದ ತಿದ್ದುಪಡಿ ಬರುತ್ತಿಲ್ಲ, ಅಥವಾ ತಡವಾಗಿ ಬರುತ್ತಿದೆ. ಫ್ಲೋಟ್ ಎಂದರೆ ಸ್ಥಾನ ಇನ್ನೂ ಸೆಂಟಿಮೀಟರ್ ಮಟ್ಟಕ್ಕೆ ಖಚಿತವಾಗಿಲ್ಲ ಎಂದರ್ಥ. ಸ್ಕ್ರೀನಿನಲ್ಲಿ ತಿದ್ದುಪಡಿಯ ವಯಸ್ಸು ಎಂಬ ಅಂಕಿ ಇರುತ್ತದೆ. ಒಂದೆರಡು ಸೆಕೆಂಡ್ ಇರಬೇಕಾದದ್ದು ಹತ್ತು ಇಪ್ಪತ್ತಕ್ಕೆ ಏರುತ್ತಿದ್ದರೆ ಕೊಂಡಿ ಕಡಿದಿದೆ. ಮೊಬೈಲ್ ಡೇಟಾ ಮೂಲಕ ತಿದ್ದುಪಡಿ ಪಡೆಯುವವರಿಗೆ ಮಾರನಹಳ್ಳಿ ದಾಟಿ ಶಿರಾಡಿ ಇಳಿಯುವಾಗ ಈ ತೊಂದರೆ ಸಹಜ, ಅಲ್ಲಿ ಸ್ವಂತ ಬೇಸ್ ಮತ್ತು ರೇಡಿಯೋ ಬೇಕಾಗುತ್ತದೆ. ಸರ್ವೇ ಆಫ್ ಇಂಡಿಯಾದ ಕಾರ್ಸ್ ಜಾಲ (ಸದಾ ಓಡುವ ಸ್ಥಿರ ಬೇಸ್‌ಗಳ ಜಾಲ) ಕರ್ನಾಟಕದಲ್ಲಿದ್ದರೂ ಅದರ ಸೇವೆ ಯಂತ್ರಕ್ಕೆ ತಲುಪಬೇಕಾದದ್ದು ಇದೇ ಮೊಬೈಲ್ ಸಿಗ್ನಲ್ ಮೂಲಕ. ಒಂದೇ ಬೇಸ್ ಇಟ್ಟುಕೊಂಡವರು ಪ್ರತಿ ಕಿಲೋಮೀಟರ್ ದೂರಕ್ಕೆ ಸುಮಾರು ಒಂದು ಮಿಲಿಮೀಟರ್ ದೋಷ ಸೇರುತ್ತದೆ ಎಂದು ಲೆಕ್ಕ ಹಿಡಿಯಬೇಕು.

ಸಂಜೆ ಏಳರ ಮೇಲೆ ಫಿಕ್ಸ್ ಹೋಗಿಬಿಡುತ್ತೆ, ಬೆಳಗ್ಗೆ ಸರಿ ಇರುತ್ತೆ. ಹಗಲು ರಾತ್ರಿಗೂ ಜಿಪಿಎಸ್‌ಗೂ ಸಂಬಂಧ ಇದೆಯಾ?

ಇದೆ. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ, ಅದರ ಆಸುಪಾಸಿನ ಅಯಾನುಮಂಡಲ (ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ಪದರ) ಸೂರ್ಯಾಸ್ತದ ನಂತರ ಕೆಲವು ಗಂಟೆಗಳ ಕಾಲ ಕದಡಿ ಉಪಗ್ರಹದ ಸಿಗ್ನಲ್ಲನ್ನು ಮಿಣುಕಿಸುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವತ್ ಕಾಲದ ಸುತ್ತ ಮತ್ತು ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ ಇದು ಹೆಚ್ಚು. ಈಗಿನ 25ನೇ ಸೌರಚಕ್ರ ಗರಿಷ್ಠ ಹಂತ ತಲುಪಿದೆ ಎಂದು ನಾಸಾ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತ್ತು. ಯಂತ್ರದಲ್ಲಿ ರಿಪೇರಿ ಮಾಡುವಂಥದ್ದೇನೂ ಇಲ್ಲ. ಅಂತಿಮ ಲೆವೆಲ್ಲಿನ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡು ರಾತ್ರಿ ಪಾಳಿಯಲ್ಲಿ ಮಣ್ಣು ಎತ್ತುವುದನ್ನು ಮಾಡಿಕೊಳ್ಳಬಹುದು.

ಹಾಸನದಲ್ಲಿ ಇಸ್ರೋದ ದೊಡ್ಡ ದೊಡ್ಡ ಡಿಶ್ ಇದೆಯಲ್ಲ, ಅದರಿಂದ ನಮ್ಮ ಜಿಪಿಎಸ್ ಕೆಡುತ್ತಾ?

ಕೆಡುವುದಿಲ್ಲ. 1982ರಿಂದ ಇರುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ಡಿಶ್‌ಗಳು ಆಕಾಶಕ್ಕೆ ಮುಖಮಾಡಿ ಬೇರೆ ತರಂಗಾಂತರಗಳಲ್ಲಿ ಉಪಗ್ರಹಗಳೊಂದಿಗೆ ವ್ಯವಹರಿಸುತ್ತವೆ. ಜಿಪಿಎಸ್ಸಿನ ಮುಖ್ಯ ಸಿಗ್ನಲ್ 1575.42 ಮೆಗಾಹರ್ಟ್ಸ್‌ನಲ್ಲಿದೆ. ಅದಕ್ಕೆ ತೊಂದರೆ ಕೊಡುವುದು ಹೆಚ್ಚಾಗಿ ಕ್ಯಾಬಿನ್ ಮೇಲೆ ಹಚ್ಚಿದ ಅಗ್ಗದ ಎಲ್‌ಇಡಿ ಬಾರ್ ಲೈಟು ಮತ್ತು ವಾಕಿಟಾಕಿ. ಅವನ್ನು ಆರಿಸಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಸ್ಕ್ರೀನ್‌ನಲ್ಲಿ ಎತ್ತರ ಎಂಬತ್ತು ಮೀಟರ್‌ಗೂ ಹೆಚ್ಚು ಕಡಿಮೆ ತೋರಿಸುತ್ತೆ. ಮೆಷಿನ್ ಪೂರ್ತಿ ಹಾಳಾಯ್ತಾ?

ಯಂತ್ರ ಸರಿಯಾಗಿದೆ, ಸೆಟ್ಟಿಂಗ್ ತಪ್ಪಾಗಿದೆ. ಉಪಗ್ರಹ ಕೊಡುವ ಎತ್ತರ ಗಣಿತದ ದೀರ್ಘಗೋಳದಿಂದ ಅಳೆದದ್ದು. ನಕ್ಷೆಯಲ್ಲಿರುವುದು ಸಮುದ್ರಮಟ್ಟದಿಂದ ಅಳೆದದ್ದು. ದಕ್ಷಿಣ ಭಾರತದಲ್ಲಿ ಇವೆರಡರ ವ್ಯತ್ಯಾಸ 80 ಮೀಟರಿಗೂ ಹೆಚ್ಚು, ಉಪಗ್ರಹದ ಅಂಕಿಯೇ ಕಡಿಮೆ ಬರುತ್ತದೆ. ಪ್ರಾಜೆಕ್ಟ್ ಫೈಲಿನಲ್ಲಿ ಜಿಯಾಯ್ಡ್ ಮಾದರಿ (ಈ ಎರಡು ಎತ್ತರಗಳ ವ್ಯತ್ಯಾಸದ ಕೋಷ್ಟಕ) ಅಥವಾ ಸೈಟಿನ ಬೆಂಚ್‌ಮಾರ್ಕ್‌ಗಳಿಂದ ಮಾಡಿದ ಹೊಂದಾಣಿಕೆ ಲೋಡ್ ಆಗಿಲ್ಲ. ಅಡ್ಡಕ್ಕೆ ಕಿಲೋಮೀಟರ್‌ಗಟ್ಟಲೆ ತಪ್ಪಿದ್ದರೆ ಯುಟಿಎಂ ವಲಯ (ನಕ್ಷೆಯ ಅಳತೆಗೆ ಭೂಮಿಯನ್ನು ಹಂಚಿದ ಪಟ್ಟಿಗಳಲ್ಲಿ ಯಾವುದು ಎಂಬ ಸೆಟ್ಟಿಂಗ್) ನೋಡಬೇಕು, ಹಾಸನ ಮತ್ತು ಚಿಕ್ಕಮಗಳೂರು ಎರಡೂ 43ನೇ ಉತ್ತರ ವಲಯದಲ್ಲಿವೆ.

ಬಕೆಟ್ ತುದಿ ಮೂರು ನಾಲ್ಕು ಸೆಂಟಿಮೀಟರ್ ತಪ್ಪು ತೋರಿಸುತ್ತೆ. ಎಲ್ಲಿಂದ ಶುರು ಮಾಡೋದು?

ಬಕೆಟ್ಟಿನ ಹಲ್ಲಿನಿಂದ. ಹಲ್ಲು ಮೂರು ಸೆಂಟಿಮೀಟರ್ ಸವೆದಿದ್ದರೆ ಸ್ಕ್ರೀನ್ ಹೊಸ ಹಲ್ಲಿನ ಉದ್ದವನ್ನೇ ನಂಬಿಕೊಂಡಿರುತ್ತದೆ. ಎತ್ತಿನಹೊಳೆಯಂಥ ನಾಲೆ ಕೆಲಸದಲ್ಲಿ ಇದು ಸಣ್ಣ ತಪ್ಪಲ್ಲ: 5000ಕ್ಕೆ 1ರ ಇಳಿಜಾರಿನಲ್ಲಿ 150 ಮೀಟರ್ ಉದ್ದಕ್ಕೆ ಸಿಗುವ ಇಳಿತವೇ ಮೂರು ಸೆಂಟಿಮೀಟರ್.

ಹಲ್ಲಿನ ಅಳತೆ ತಿದ್ದಿದ ಮೇಲೂ ತಪ್ಪು ಉಳಿದರೆ, ನೆಲದಲ್ಲಿ ಎತ್ತರ ಗೊತ್ತಿರುವ ಒಂದು ಗೂಟಕ್ಕೆ ಹಲ್ಲಿನ ತುದಿ ಮುಟ್ಟಿಸಿ, ಭಂಗಿ ಬದಲಿಸುತ್ತಾ ಪ್ರತಿ ಬಾರಿಯ ಅಂಕಿ ಬರೆದುಕೊಳ್ಳಬೇಕು. ಬಕೆಟ್ ಮಡಿಚಿದಾಗ ಒಂದು, ಬಿಚ್ಚಿದಾಗ ಇನ್ನೊಂದು ಅಂಕಿ ಬಂದರೆ ಬಕೆಟ್ ಸೆನ್ಸರ್ ಅಥವಾ ಬಕೆಟ್ಟಿನ ಅಳತೆ ತಪ್ಪು. ಬಕೆಟ್ ಬದಲಿಸಿದವರು ಸ್ಕ್ರೀನಿನಲ್ಲಿ ಹಳೆಯದನ್ನೇ ಬಿಟ್ಟಿರುತ್ತಾರೆ. ಯಂತ್ರವನ್ನು ಹಿಂದಕ್ಕೆ ಸರಿಸಿ ಆರ್ಮ್ ಪೂರ್ತಿ ಚಾಚಿದಾಗ ತಪ್ಪು ಬೆಳೆದರೆ ಬೂಮ್ ಅಥವಾ ಆರ್ಮ್ ಸೆನ್ಸರ್ ಅಥವಾ ಕ್ಯಾಬಿನ್ನಿನ ಓರೆ ಅಳೆಯುವ ಸೆನ್ಸರಿನ ಕಡೆ ನೋಡಬೇಕು. ಎಂಟು ಮೀಟರ್ ಚಾಚಿನಲ್ಲಿ 0.1 ಡಿಗ್ರಿಯ ತಪ್ಪು ತುದಿಯಲ್ಲಿ 14 ಮಿಲಿಮೀಟರ್ ಆಗುತ್ತದೆ. ಗೂಟದ ಈ ಕಡೆಯಿಂದ ಮುಟ್ಟಿಸಿ, ನಂತರ ಯಂತ್ರವನ್ನು ಆ ಕಡೆಗೆ ಒಯ್ದು ಎದುರು ದಿಕ್ಕಿನಿಂದ ಮುಟ್ಟಿಸಿದಾಗ ಅಡ್ಡ ಅಳತೆ ಬದಲಾದರೆ ಆಂಟೆನಾಗಳ ಸ್ಥಾನದ ಅಳತೆ ತಪ್ಪಿದೆ. ಯಾವ ಭಂಗಿಯಲ್ಲೂ ತಪ್ಪು ಒಂದೇ ಸಮನಾಗಿದ್ದರೆ ಯಂತ್ರವನ್ನು ಬಿಟ್ಟು ಬೇಸ್ ಕಡೆಗೆ ಹೋಗಬೇಕು. ಅದರ ಕಂಬದ ಎತ್ತರವನ್ನು ಬೆಳಗ್ಗೆ ಯಾರೋ ತಪ್ಪಾಗಿ ತುಂಬಿರುವುದೇ ಹೆಚ್ಚು.

ಅಂಕಿಗಳು ಯಾವ ಕ್ರಮಕ್ಕೂ ಸಿಗದೆ ಕುಣಿಯುತ್ತಿದ್ದರೆ ಪಿನ್ನು ಮತ್ತು ಬುಷ್‌ಗಳ ಸಡಿಲ ನೋಡಬೇಕು. ಎರಡು ಸೆಂಟಿಮೀಟರ್ ಆಡುವ ಪಿನ್ನುಗಳ ಮೇಲೆ ಒಂದು ಸೆಂಟಿಮೀಟರ್ ನಿಖರತೆಯ ಗೈಡೆನ್ಸ್ ಕೂರಿಸಿ ಕ್ಯಾಲಿಬ್ರೇಷನ್ ಮಾಡುತ್ತಲೇ ಇದ್ದರೆ ಸಂಬಳ ವ್ಯರ್ಥ.

ಗ್ರೇಡರ್ ಆಟೋ ಹಾಕಿದರೆ ಬ್ಲೇಡ್ ನಡುಗುತ್ತೆ, ರಸ್ತೆ ಮೇಲೆ ಅಲೆ ಅಲೆ ಬೀಳುತ್ತೆ.

ವ್ಯವಸ್ಥೆ ಅಗತ್ಯಕ್ಕಿಂತ ಚುರುಕಾಗಿದೆ. ತುಸು ತಪ್ಪಿಗೂ ಬ್ಲೇಡನ್ನು ಹೆಚ್ಚು ಎತ್ತಿ, ಆ ಹೆಚ್ಚನ್ನು ತಿದ್ದಲು ಹೆಚ್ಚು ಇಳಿಸುತ್ತಿದೆ. ಆಯಿಲ್ ಬಿಸಿಯಾದ ಮೇಲೆ ವಾಲ್ವ್ ಕ್ಯಾಲಿಬ್ರೇಷನ್ ಮತ್ತೆ ಮಾಡಬೇಕು; ಬೆಳಗಿನ ತಣ್ಣನೆಯ ಆಯಿಲಿನಲ್ಲಿ ಮಾಡಿದ್ದು ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಆಮೇಲೂ ನಡುಕವಿದ್ದರೆ ಗೇನ್ ಎಂಬ ಅಂಕಿಯನ್ನು (ತಪ್ಪಿಗೆ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕು ಎಂಬುದು) ಸ್ವಲ್ಪಸ್ವಲ್ಪವೇ ಇಳಿಸಬೇಕು. ಸರ್ಕಲ್ (ಬ್ಲೇಡನ್ನು ತಿರುಗಿಸುವ ದೊಡ್ಡ ಹಲ್ಲಿನ ಉಂಗುರ) ಮತ್ತು ಬ್ಲೇಡ್ ಆಧಾರಗಳಲ್ಲಿ ಸಡಿಲವಿದ್ದರೆ ಯಾವ ಅಂಕಿಯೂ ನಡುಕ ನಿಲ್ಲಿಸದು. ಲೇಸರ್ ಬಳಸುವವರು ಟ್ರೈಪಾಡ್ ಗಾಳಿಗೆ ಅಲುಗುತ್ತಿದೆಯೇ ಎಂದು ಮೊದಲೇ ನೋಡಿಬಿಡುವುದು ಒಳ್ಳೆಯದು.

## ಅನುಭವಿಗಳ ಪ್ರಶ್ನೆಗಳು

ದೋಷ ದಿನಕ್ಕೆ ಒಂದೇ ಸಲ ಬರುತ್ತೆ, ನಾನು ಹೋದಾಗ ಬರಲ್ಲ. ಹಿಡಿಯೋದು ಹೇಗೆ?

ಅದು ಬರುವ ಸಂದರ್ಭವನ್ನು ಆಪರೇಟರಿನಿಂದ ಕೇಳಿ ತಿಳಿಯಬೇಕು: ಎಡಕ್ಕೆ ತಿರುಗುವಾಗಲೋ, ಬೂಮ್ ಪೂರ್ತಿ ಎತ್ತಿದಾಗಲೋ, ಬ್ರೇಕರ್ ಹೊಡೆಯುವಾಗಲೋ, ಬಿಸಿಯಾದ ಮೇಲೋ. ಬೂಮ್ ಎತ್ತಿದಾಗ ಬಂದರೆ ಬೂಮಿನ ಬುಡದಲ್ಲಿ ಬಾಗುವ ಹಾರ್ನೆಸ್ಸನ್ನು (ತಂತಿಗಳ ಕಟ್ಟನ್ನು), ಅದುರಿದಾಗ ಬಂದರೆ ಅರ್ಥ್ ಮತ್ತು ಬ್ಯಾಟರಿ ಟರ್ಮಿನಲ್‌ಗಳನ್ನು ಹಿಡಿಯಬೇಕು. ಕೀ ಆನ್ ಇಟ್ಟು, ಮಾನಿಟರಿನಲ್ಲಿ ಆ ಸೆನ್ಸರಿನ ನೇರ ಅಳತೆ ತೆರೆದು, ಒಬ್ಬರು ಅಂಕಿ ನೋಡುತ್ತಿರುವಾಗ ಇನ್ನೊಬ್ಬರು ತಂತಿಯನ್ನು ಗೇಣುಗೇಣಾಗಿ ಅಲುಗಿಸುತ್ತಾ ಹೋಗಬೇಕು. ಅಂಕಿ ಜಿಗಿದಲ್ಲಿ ದೋಷವಿದೆ. ಕನೆಕ್ಟರಿನ ಹೆಣ್ಣು ಪಿನ್ನು ಅಗಲವಾಗಿದೆಯೇ ಎಂದು ಅದೇ ಅಳತೆಯ ಬಿಡಿ ಗಂಡು ಪಿನ್ನನ್ನು ತೂರಿಸಿ ನೋಡಬಹುದು. ಹಿಡಿತವಿಲ್ಲದೆ ಜಾರಿಬಂದರೆ, ಹಿಂದೆ ಯಾರೋ ದಪ್ಪ ಮೀಟರ್ ಮುಳ್ಳನ್ನು ಅಲ್ಲಿ ತುರುಕಿದ್ದಾರೆ.

ಕಂಟ್ರೋಲರ್ ಹೋಗಿದೆ ಅಂತ ಯಾವಾಗ ಖಚಿತವಾಗಿ ಹೇಳಬಹುದು?

ಅದಕ್ಕೆ ಬರಬೇಕಾದ ಪವರ್, ಅರ್ಥ್ ಮತ್ತು ಸಿಗ್ನಲ್‌ಗಳೆಲ್ಲ ಅದರ ಪಿನ್ನಿನಲ್ಲೇ, ಲೋಡ್ ಇರುವಾಗಲೇ ಸರಿಯಾಗಿ ಅಳೆದು ಸಿಕ್ಕ ಮೇಲೂ ಹೊರಗೆ ಹೋಗಬೇಕಾದದ್ದು ಹೋಗುತ್ತಿಲ್ಲವಾದರೆ. ಇಷ್ಟನ್ನು ಕಾಗದದ ಮೇಲೆ ತೋರಿಸಲಾಗದವರು ಕಂಟ್ರೋಲರ್ ಬದಲಿಸಲು ಹೇಳಿದರೆ ಮಾಲೀಕರು ಒಪ್ಪಬಾರದು. ಹೊಸದನ್ನು ಹಾಕುವ ಮೊದಲು ಹಳೆಯದು ಏಕೆ ಸುಟ್ಟಿತೆಂದೂ ತಿಳಿಯಬೇಕು. ಶಾರ್ಟ್ ಆದ ಸೊಲೆನಾಯ್ಡ್ ಹಾಗೆಯೇ ಉಳಿದಿದ್ದರೆ ಹೊಸದೂ ಅದೇ ದಾರಿ ಹಿಡಿಯಬಹುದು. ಪಕ್ಕದ ಯಂತ್ರದ ಕಂಟ್ರೋಲರ್ ತಂದು ಹಾಕಿ ನೋಡುವುದೂ ಅಪಾಯಕರ, ಒಳಗಿನ ಪ್ರೋಗ್ರಾಂ ಮತ್ತು ಮಾದರಿ ಸಂಖ್ಯೆ ಹೊಂದದಿದ್ದರೆ ಹೊಸ ದೋಷಗಳು ಸೇರಿಕೊಳ್ಳುತ್ತವೆ.

ಆನ್‌ಲೈನ್‌ನಲ್ಲಿ ಸಿಗೋ ಕಡಿಮೆ ಬೆಲೆಯ ಸ್ಕ್ಯಾನರ್‌ನಲ್ಲಿ ಸೆಟ್ಟಿಂಗ್ ಬದಲಿಸಬಹುದಾ?

ಕೋಡು ಓದಲು, ನೇರ ಅಳತೆ ನೋಡಲು ಬಳಸಬಹುದು. ಬರೆಯಲು ಬಳಸಬಾರದು. ಬರೆಯುವಾಗ ನಡುವೆ ಕೊಂಡಿ ಕಡಿದರೆ ಕಂಟ್ರೋಲರ್ ಏಳುವುದೇ ಇಲ್ಲ, ಒತ್ತಡ ಮತ್ತು ಹೊಗೆಯ ಮಿತಿಗಳನ್ನು ಬದಲಿಸಿದರೆ ವಾರಂಟಿ ಹೋಗುತ್ತದೆ.

ಸರ್ವಿಸ್ ಎಂಜಿನಿಯರ್ ಬೆಂಗಳೂರಿನಿಂದ ಬರಬೇಕು. ಕರೆಯೋ ಮುಂಚೆ ನಾವು ಏನು ಬರೆದಿಟ್ಟುಕೊಳ್ಳಬೇಕು?

ಯಂತ್ರದ ಮಾದರಿ ಮತ್ತು ಸೀರಿಯಲ್ ನಂಬರ್, ಅವರ್ ಮೀಟರ್ ಓದು, ಎಲ್ಲ ಕೋಡುಗಳ ಫೋಟೋ, ಯಾವ ಕೋಡು ಮೊದಲು ಬಂತು, ಆಗ ಯಂತ್ರ ಏನು ಮಾಡುತ್ತಿತ್ತು, ಆ ವಾರದಲ್ಲಿ ವೆಲ್ಡಿಂಗ್, ಬ್ಯಾಟರಿ ಬದಲಾವಣೆ, ವಾಟರ್ ಸರ್ವಿಸ್ ಏನಾದರೂ ನಡೆದಿದೆಯೇ ಎಂಬುದು. ಗೈಡೆನ್ಸ್ ದೋಷವಾದರೆ ಉಪಗ್ರಹಗಳ ಸಂಖ್ಯೆ, ತಿದ್ದುಪಡಿಯ ವಯಸ್ಸು ಮತ್ತು ಗೂಟದ ಮೇಲೆ ಬಂದ ಅಂಕಿಗಳನ್ನೂ ಸೇರಿಸಬೇಕು. ಕೋಡುಗಳನ್ನು ಅಳಿಸಬಾರದು, ಅಳಿಸಿದರೆ ಅವುಗಳ ಜೊತೆ ದಾಖಲಾಗಿದ್ದ ವಿವರಗಳೂ ಹೋಗುತ್ತವೆ. ಇಷ್ಟನ್ನು ಫೋನಿನಲ್ಲಿ ಕಳಿಸಿದರೆ ಎಂಜಿನಿಯರ್ ಹೊರಡುವಾಗಲೇ ಬೇಕಾದ ಬಿಡಿಭಾಗ ತರುತ್ತಾರೆ, ಕೆಲವೊಮ್ಮೆ ಬರುವ ಅಗತ್ಯವೇ ಇರುವುದಿಲ್ಲ.